ಬಡಾವಣೆಯ ಉದ್ಯಾನ ಯಾರ ಸ್ವತ್ತು? ಅನುಮೋದನೆಯ ಷರತ್ತುಗಳ ಸುತ್ತ ಕಾನೂನಿನ ಜಗ್ಗಾಟ

ಬೆಂಗಳೂರು: ಹೊಲವೊಂದು ಬಡಾವಣೆಯಾಗಿ ಮಾರ್ಪಡುವಾಗ ವಿನ್ಯಾಸ ನಕ್ಷೆಯ ಮೇಲೆ ಹಸಿರು ಬಣ್ಣ ಬಳಿದ ತುಂಡೊಂದು ಉಳಿದಿರುತ್ತದೆ. ಅದು ಉದ್ಯಾನಕ್ಕೆ ಮೀಸಲಾದ ಜಾಗ. ನಿವೇಶನ ಮಾರುವವರು ಅದನ್ನು ತೋರಿಸಿಯೇ ಬೆಲೆ ಹೇಳುತ್ತಾರೆ. ಕೊಳ್ಳುವವರೂ ಅದನ್ನು ನಂಬಿಯೇ ಮುಂಗಡ ಕೊಡುತ್ತಾರೆ. ಹತ್ತಿಪ್ಪತ್ತು ವರ್ಷಗಳು ಕಳೆದು ನೆಲದ ಬೆಲೆ ಗಗನಕ್ಕೇರಿದ ಮೇಲೆ, ‘ಆ ಜಾಗದ ಪಹಣಿ ಇನ್ನೂ ನಮ್ಮ ತಂದೆಯ ಹೆಸರಿನಲ್ಲೇ ಇದೆ’ ಎಂದು ಮೂಲ ಮಾಲೀಕರ ವಾರಸುದಾರರು ಬಂದು ನಿಂತರೆ ನಿವಾಸಿಗಳ ಗತಿಯೇನು?

ಇಂತಹ ವ್ಯಾಜ್ಯಗಳ ಮೂಲವನ್ನು ಹುಡುಕಿದರೆ ಸಿಗುವುದು ಅನುಮೋದನಾ ಪತ್ರದಲ್ಲಿನ ಒಂದು ಷರತ್ತು. ರಸ್ತೆ, ಉದ್ಯಾನ ಹಾಗೂ ಬಯಲು ಜಾಗಗಳನ್ನು ಸ್ಥಳೀಯ ಸಂಸ್ಥೆಗೆ ಉಚಿತವಾಗಿ ಹಸ್ತಾಂತರಿಸಬೇಕೆಂಬುದು ಆ ಷರತ್ತು. ಸಂವಿಧಾನದ 300ಎ ವಿಧಿಯ ಪ್ರಕಾರ ಕಾನೂನಿನ ಅಧಿಕಾರವಿಲ್ಲದೆ ಯಾರ ಸ್ವತ್ತನ್ನೂ ಕಿತ್ತುಕೊಳ್ಳುವಂತಿಲ್ಲ. ಹಾಗಾದರೆ ಕಚೇರಿಯೊಂದು ಷರತ್ತು ಬರೆದ ಮಾತ್ರಕ್ಕೆ ಭೂಮಿ ಕೈ ಬದಲಾಗುತ್ತದೆಯೇ?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ ನೀಡಿದ ಪ್ರಮುಖ ಉತ್ತರ ದೆಹಲಿಯ ಪ್ರಕರಣವೊಂದರಲ್ಲಿದೆ. ಪಂಡಿತ್ ಚೇತ್ ರಾಮ್ ವಸಿಷ್ಠ ವಿರುದ್ಧ ದೆಹಲಿ ಮಹಾನಗರ ಪಾಲಿಕೆ ಎಂಬ ಈ ತೀರ್ಪು 1995ರ ಕಾನೂನು ವರದಿಗಳಲ್ಲಿ ಪ್ರಕಟವಾಗಿದೆ. ಉದ್ಯಾನ ಹಾಗೂ ಶಾಲೆಗೆ ಮೀಸಲಿಟ್ಟ ಜಾಗವನ್ನು ಉಚಿತವಾಗಿ ತನಗೆ ವರ್ಗಾಯಿಸಬೇಕೆಂಬ ಷರತ್ತಿನೊಡನೆ ಪಾಲಿಕೆಯು ಬಡಾವಣೆಗೆ ಅನುಮೋದನೆ ನೀಡಿತ್ತು. 1957ರ ದೆಹಲಿ ಪಾಲಿಕೆ ಕಾಯಿದೆಯಲ್ಲಿ ಹೀಗೆ ಮಾಲೀಕತ್ವವನ್ನೇ ಪಡೆಯುವ ಅಧಿಕಾರ ಕೊಟ್ಟಿಲ್ಲ. ಆದ್ದರಿಂದ ಷರತ್ತು ಊರ್ಜಿತವಲ್ಲ ಎಂದು ನ್ಯಾಯಾಲಯ ಹೇಳಿತು.

ಆದರೆ ತೀರ್ಪು ಅಲ್ಲಿಗೆ ನಿಲ್ಲಲಿಲ್ಲ. ನಕ್ಷೆಯಲ್ಲಿ ಒಮ್ಮೆ ಉದ್ಯಾನವೆಂದು ಮೀಸಲಿಟ್ಟ ಮೇಲೆ ಮಾಲೀಕನು ಆ ಜಾಗವನ್ನು ಸಾರ್ವಜನಿಕರ ಹಿತಕ್ಕಾಗಿ, ಧರ್ಮದರ್ಶಿಯಂತೆ ಹೊಂದಿರುತ್ತಾನೆ. ಅದನ್ನು ಮಾರುವ ಹಕ್ಕು ಅವನಿಗಿಲ್ಲದಂತಾಗಬಹುದು. ಪಾಲಿಕೆಯು ಪಾಲಕನ ಸ್ಥಾನದಲ್ಲಿ ನಿಂತು ಅದನ್ನು ನಿರ್ವಹಿಸಬಹುದು ಎಂದೂ ನ್ಯಾಯಾಲಯ ಸ್ಪಷ್ಟಪಡಿಸಿತು. ತೀರ್ಪಿನ ಮೊದಲರ್ಧವನ್ನಷ್ಟೇ ಹಿಡಿದು ‘ಷರತ್ತು ಬಿದ್ದುಹೋಯಿತು, ಜಾಗ ನಮ್ಮದು’ ಎಂದು ವಾದಿಸುವವರಿಗೆ ಕೊರತೆಯಿಲ್ಲ. ನಿವಾಸಿಗಳಿಗೆ ರಕ್ಷೆಯಾಗಿರುವುದು ಅದರ ಎರಡನೆಯ ಅರ್ಧ. ಹಕ್ಕುಪತ್ರ ಯಾರ ಹೆಸರಿನಲ್ಲಿದ್ದರೂ ಉದ್ಯಾನ ಉದ್ಯಾನವೇ.

ಬೆಂಗಳೂರಿನಲ್ಲಿ ಈ ದೆಹಲಿ ತೀರ್ಪನ್ನು ಇದ್ದಂತೆಯೇ ಅನ್ವಯಿಸಲಾಗದು. ಕಾರಣ, ಇಲ್ಲಿ ಷರತ್ತಿನ ಬೆನ್ನಿಗೆ ಕಾಯಿದೆಯೇ ಇದೆ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯಿದೆಯ 32(5)ನೇ ಪ್ರಕರಣದ ಪ್ರಕಾರ ರಸ್ತೆ, ಚರಂಡಿ, ನೀರಿನ ಕೊಳವೆ ಮತ್ತು ಬಯಲು ಜಾಗಗಳ ಮಾಲೀಕತ್ವವನ್ನು ಪರಿಹಾರ ಕೇಳದೆ ಶಾಶ್ವತವಾಗಿ ಪ್ರಾಧಿಕಾರಕ್ಕೆ ವರ್ಗಾಯಿಸಲು ಅರ್ಜಿದಾರನು ಒಪ್ಪಬೇಕು. ಒಪ್ಪದಿದ್ದರೆ ಅನುಮೋದನೆಯೇ ಇಲ್ಲವೆಂದ ಮೇಲೆ ಅದೆಂತಹ ಒಪ್ಪಿಗೆ ಎಂದು ಯಾರಾದರೂ ಕೇಳಬಹುದು. ಆದರೆ ರಸ್ತೆ, ಉದ್ಯಾನಗಳಿಲ್ಲದೆ ಆ ನೆಲಕ್ಕೆ ನಿವೇಶನದ ಬೆಲೆ ಬರುವುದೂ ಇಲ್ಲವೆಂಬುದನ್ನು ಮರೆಯುವಂತಿಲ್ಲ.

ಬಡಾವಣೆಯ ಒಳಗಿನ ರಸ್ತೆಗೂ ನಗರದ ಮಹಾಯೋಜನೆಯಲ್ಲಿ ಗೆರೆ ಎಳೆದ ರಸ್ತೆಗೂ ವ್ಯತ್ಯಾಸವಿದೆ. ಒಳರಸ್ತೆ ಅಲ್ಲಿನ ನಿವೇಶನಗಳಿಗಾಗಿ ಇರುವಂಥದ್ದು. ಮಹಾಯೋಜನೆಯ ರಸ್ತೆ ಇಡೀ ಊರಿಗೆ ಸೇರಿದ್ದು. ಅದರ ಭಾರವನ್ನು ಮನೆ ಕಟ್ಟಲು ಅರ್ಜಿ ಹಾಕಿದ ಒಬ್ಬನ ತಲೆಗೆ ಕಟ್ಟುವುದು ನ್ಯಾಯವೇ? ಮಹಾಯೋಜನೆಯ ರಸ್ತೆಗೆ ಬೇಕಾದ ಜಾಗವನ್ನು ಪರಿಹಾರವಿಲ್ಲದೆ ಬಿಟ್ಟುಕೊಟ್ಟರೆ ಮಾತ್ರ ನಕ್ಷೆ ಮಂಜೂರು ಮಾಡುವುದಾಗಿ ಹೇಳುವುದು 300ಎ ವಿಧಿಗೆ ವಿರುದ್ಧವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ತೀರ್ಪಿತ್ತಿತು.

ಅಮೆರಿಕದ ಸುಪ್ರೀಂ ಕೋರ್ಟ್ ಇದೇ ವಿಚಾರವನ್ನು ಬೇರೆ ಅಳತೆಗೋಲಿನಿಂದ ನೋಡಿದೆ. ಷರತ್ತಿಗೂ ಕಟ್ಟಡದಿಂದಾಗುವ ಪರಿಣಾಮಕ್ಕೂ ಸಂಬಂಧವಿರಬೇಕು ಎಂದು 1987ರ ನೊಲನ್ ಪ್ರಕರಣದಲ್ಲೂ, ಕೇಳುವ ಪಾಲು ಆ ಪರಿಣಾಮಕ್ಕೆ ಸರಿಸುಮಾರು ಹೊಂದಿಕೆಯಾಗಬೇಕು ಎಂದು 1994ರ ಡೋಲನ್ ಪ್ರಕರಣದಲ್ಲೂ ಅದು ಹೇಳಿತು. ನಮ್ಮಲ್ಲಿ ‘ಕಾಯಿದೆಯಲ್ಲಿ ಅಧಿಕಾರವಿದೆಯೇ’ ಎಂಬ ಪ್ರಶ್ನೆಯೇ ಮುಂದಾಗಿದ್ದು, ‘ಎಷ್ಟು ಕೇಳಬಹುದು’ ಎಂಬುದು ಹಿಂದೆ ಸರಿದಿದೆ.

ಜಾಗ ಪ್ರಾಧಿಕಾರದ ವಶಕ್ಕೆ ಹೋದರೆ ಅಪಾಯ ಕಳೆಯಿತೆಂದೂ ಅಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಬಯಲು ಜಾಗವಾಗಿ ಕಾಯ್ದಿರಿಸಿದ್ದ ನೆಲವನ್ನು, 1976ರ ಸರ್ಕಾರಿ ಆದೇಶಗಳ ಮೇರೆಗೆ ಖಾಸಗಿ ನರ್ಸಿಂಗ್ ಹೋಂ ಕಟ್ಟಲು ಬೆಂಗಳೂರು ಮೆಡಿಕಲ್ ಟ್ರಸ್ಟ್‌ಗೆ ಹಂಚಿಕೆ ಮಾಡಲಾಗಿತ್ತು. ನಿವಾಸಿಗಳು ಹೈಕೋರ್ಟ್ ಮೆಟ್ಟಿಲೇರಿದರು. ಏಕಸದಸ್ಯ ಪೀಠದಲ್ಲಿ ಸೋತು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆಸ್ಪತ್ರೆ ಜನೋಪಯೋಗಿಯೇ ಆದರೂ ಖಾಸಗಿಯವರ ನರ್ಸಿಂಗ್ ಹೋಂ ಉದ್ಯಾನಕ್ಕೆ ಬದಲಿಯಾಗಲಾರದು, ಈ ಪರಿವರ್ತನೆಯನ್ನು ಪ್ರಶ್ನಿಸುವ ಹಕ್ಕು ಸ್ಥಳೀಯ ನಿವಾಸಿಗಳಿಗಿದೆ ಎಂದಿತು. ಉದ್ಯಾನ, ಆಟದ ಮೈದಾನಗಳಿಗೆ ಮೀಸಲಾದ ಜಾಗವನ್ನು ಪ್ರಾಧಿಕಾರವು ಬೇರೆ ಉದ್ದೇಶಕ್ಕೆ ಮಾರುವುದನ್ನೂ ಪರಭಾರೆ ಮಾಡುವುದನ್ನೂ ಕಾಯಿದೆಯ 38ಎ ಪ್ರಕರಣ ನಿಷೇಧಿಸಿದೆ.

ಹಾಗಾಗಿ ನಿವೇಶನ ಕೊಳ್ಳುವವರು ಅನುಮೋದಿತ ನಕ್ಷೆಯ ಪ್ರತಿ ಪಡೆದರೆ ಸಾಲದು. ಅನುಮೋದನಾ ಪತ್ರದ ಷರತ್ತುಗಳನ್ನು ಓದಬೇಕು. ಉದ್ಯಾನ, ರಸ್ತೆಗಳನ್ನು ಬಿಟ್ಟುಕೊಟ್ಟ ಪರಿತ್ಯಾಜನಾ ಪತ್ರ, ಅಂದರೆ ರಿಲಿಂಕ್ವಿಶ್‌ಮೆಂಟ್ ಡೀಡ್, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಿದೆಯೇ, ಪಹಣಿಯಲ್ಲಿ ಹೆಸರು ಬದಲಾಗಿದೆಯೇ ಎಂದು ವಿಚಾರಿಸಬೇಕು. ನೋಂದಣಿಯಾಗಿರದಿದ್ದಲ್ಲಿ, ಬಡಾವಣೆ ಮಾಡಿದವರು ಇನ್ನೂ ನಿವೇಶನ ಮಾರುತ್ತಿರುವಾಗಲೇ ನಿವಾಸಿಗಳ ಸಂಘವು ಪ್ರಾಧಿಕಾರಕ್ಕೆ ಬರೆದು ಅದನ್ನು ಮಾಡಿಸಿಕೊಳ್ಳುವುದು ಸುಲಭ. ಕೊನೆಯ ನಿವೇಶನವೂ ಮಾರಾಟವಾದ ಮೇಲೆ ಬಡಾವಣೆದಾರರಿಗೆ ಪತ್ರಕ್ಕೆ ಸಹಿ ಹಾಕುವ ಅವಸರ ಇರುವುದಿಲ್ಲ.