ಕಿಡ್ನಿ ಕಾಯಿಲೆಯವರ ತಟ್ಟೆಗೆ ಪನೀರು

ತಪಸ್ಸು ಕಾಲದ ಶುಕ್ರವಾರಗಳಂದು ನಮ್ಮ ಮನೆಗಳಲ್ಲಿ ಮಾಂಸ ಬೇಯುವುದಿಲ್ಲ. ಹಿಂದೆಲ್ಲ ಕರಾವಳಿಯವರಾದರೆ ಮೀನು, ಘಟ್ಟದ ಮೇಲಿನವರಾದರೆ ಹುರುಳಿ ಸಾರು. ಈಗ ಆ ಜಾಗದಲ್ಲಿ ಪನೀರು ಬಂದು ಕುಳಿತಿದೆ, ಮಕ್ಕಳ ಚಪಾತಿಗೆ ಚೀಸ್ ಸ್ಪ್ರೆಡ್ ಕೂಡ ಸೇರಿದೆ. ಮನೆಯಲ್ಲಿ ಕಿಡ್ನಿ ಕಾಯಿಲೆಯವರಿದ್ದರೆ ಇವನ್ನು ಅವರಿಗೆ ಬಡಿಸಬಹುದೇ? ‘ಮಾಂಸವಲ್ಲವಲ್ಲ, ಹಾಲಿನದ್ದು, ಹಗುರ’ ಎಂದು ಕೆಲವರು ಧಾರಾಳವಾಗಿ ಬಡಿಸುತ್ತಾರೆ. ಇನ್ನು ಕೆಲವರು ಹೆದರಿ ಒಂದು ತುಂಡನ್ನೂ ಕೊಡುವುದಿಲ್ಲ. ಎರಡೂ ಸರಿಯಲ್ಲ.

ಕಿಡ್ನಿ ಸೋತಾಗ ಉಪ್ಪು, ಪೊಟ್ಯಾಸಿಯಂ, ರಂಜಕ ಇವು ರಕ್ತದಲ್ಲೇ ಉಳಿಯತೊಡಗುತ್ತವೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಫಾಸ್ಫರಸ್ ಎಂದು ಬರೆದಿರುತ್ತದಲ್ಲ, ಅದೇ ರಂಜಕ. ಅದು ಹೆಚ್ಚಾದರೆ ಮೈ ತುರಿಸುತ್ತದೆ, ಮೂಳೆ ದುರ್ಬಲವಾಗುತ್ತದೆ, ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ. ಹಾಲಿನ ಪದಾರ್ಥಗಳಲ್ಲಿ ರಂಜಕ ಸಾಕಷ್ಟಿದೆ.

ಹಾಗೆಂದು ಎಲ್ಲ ಮೆದು ಚೀಸೂ ಒಂದೇ ಅಲ್ಲ. ಹಾಲು ಕುದಿಸಿ, ನಿಂಬೆರಸ ಹಿಂಡಿ ಮನೆಯಲ್ಲೇ ಒಡೆದ ಪನೀರಿಗೆ ಉಪ್ಪು ಬೀಳುವುದೇ ಇಲ್ಲ. ಹಾಲಿನ ಪೊಟ್ಯಾಸಿಯಂನಲ್ಲಿ ಹೆಚ್ಚಿನ ಪಾಲು ಸೋಸಿದ ನೀರಿನೊಂದಿಗೆ ಹೊರಟುಹೋಗುತ್ತದೆ. ಆ ನೀರನ್ನು ಚಪಾತಿ ಹಿಟ್ಟಿಗೆ ಸುರಿಯುವ ಜಾಣ ಗೃಹಿಣಿಯರಿದ್ದಾರೆ. ರೋಗಿಯ ಪಾಲಿನ ಹಿಟ್ಟಿಗೆ ಮಾತ್ರ ಅದು ಬೇಡ.

ಡಬ್ಬಿಯ ಸ್ಪ್ರೆಡ್, ಚೀಸ್ ಸ್ಲೈಸ್‌ಗಳ ಕಥೆ ಬೇರೆ. ನುಣ್ಣಗೆ ಕರಗಲೆಂದು ಅವುಗಳಿಗೆ ಬಹುಮಟ್ಟಿಗೆ ಫಾಸ್ಫೇಟ್ ಲವಣ ಬೆರೆಸುತ್ತಾರೆ. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳಲ್ಲಿ 339, 450, 452 ಎಂಬ ಸಂಖ್ಯೆಗಳಿದ್ದರೆ ಅದೇ ಗುರುತು. ಪನೀರು, ಮಾಂಸಗಳಲ್ಲಿ ಸಹಜವಾಗಿರುವ ರಂಜಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರಕ್ತಕ್ಕೆ ಸೇರಿದರೆ, ಬೆರೆಸಿದ ಲವಣದ್ದು ಬಹುಪಾಲು ಸೇರಿಬಿಡುತ್ತದೆ. ಜೊತೆಗೆ ಉಪ್ಪೂ ಧಾರಾಳ. ಇವನ್ನು ಕಿಡ್ನಿ ಕಾಯಿಲೆಯವರು ಬಿಟ್ಟುಬಿಡುವುದೇ ಮೇಲು. ಹೋಟೆಲಿನ ಪನೀರ್ ಬಟರ್ ಮಸಾಲದಲ್ಲಂತೂ ನನಗೆ ಪನೀರಿಗಿಂತ ಟೊಮೆಟೊ, ಗೋಡಂಬಿ, ಉಪ್ಪು ಸೇರಿದ ಆ ಗ್ರೇವಿಯ ಮೇಲೇ ಅನುಮಾನ ಹೆಚ್ಚು.

ಎಷ್ಟು ತಿನ್ನಬಹುದು? 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಪ್ರೊಟೀನು ಇದೆ. ಡಯಾಲಿಸಿಸ್ ಹಂತ ತಲುಪದವರಿಗೆ ವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ ದಿನಕ್ಕೆ, ದೇಹತೂಕದ ಕಿಲೋ ಒಂದಕ್ಕೆ 0.8 ಗ್ರಾಂ ಅಥವಾ ಅದಕ್ಕೂ ಕಡಿಮೆ. 60 ಕಿಲೋ ತೂಗುವವರಿಗೆ ಅದು 48 ಗ್ರಾಂ. ಅಂದರೆ 100 ಗ್ರಾಂ ಪನೀರು ತಿಂದರೆ ದಿನದ ಪಾಲಿನಲ್ಲಿ ಮೂರನೇ ಒಂದಂಶಕ್ಕಿಂತ ಹೆಚ್ಚು ಒಂದೇ ಹೊತ್ತಿಗೆ ಮುಗಿಯಿತು. ಒಂದೆರಡು ಸಣ್ಣ ತುಂಡು ಸಾಕು. ಆ ದಿನ ಬೇಳೆ, ಮೀನು, ಮೊಟ್ಟೆ ಕಡಿಮೆ ಮಾಡಬೇಕು.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಲೆಕ್ಕ ತಿರುವುಮುರುವು. ಯಂತ್ರ ರಕ್ತ ಶುದ್ಧಿ ಮಾಡುವಾಗ ಪ್ರೊಟೀನಿನ ಅಂಶವೂ ಹೊರಹೋಗುತ್ತದೆ. ಅವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಬೇಕು. ಭಕ್ತಿಯಿಂದ ಮಾಂಸ, ಮೊಟ್ಟೆ, ಪನೀರು ಎಲ್ಲವನ್ನೂ ನಲವತ್ತು ದಿನ ತೊರೆದು ಗಂಜಿಯಲ್ಲೇ ಇದ್ದರೆ ಸ್ನಾಯು ಕರಗಿ ಬಲ ಕುಂದುತ್ತದೆ. ಧರ್ಮಸಭೆ ಇದನ್ನು ಅವರಿಂದ ಕೇಳುವುದಿಲ್ಲ. ಉಪವಾಸದ ಕಟ್ಟಳೆ ಇರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ, ಅದೂ 18 ತುಂಬಿದವರಿಂದ 59 ತುಂಬುವವರೆಗೆ. ಕಾಯಿಲೆಯವರಿಗೆ ಅದರಿಂದಲೂ ವಿನಾಯಿತಿಯಿದೆ. ಸಂಶಯವಿದ್ದರೆ ಧರ್ಮಕೇಂದ್ರದ ಗುರುಗಳನ್ನು ಕೇಳಿ. 2006ರಿಂದ ಆಚರಿಸುವ ವಿಶ್ವ ಮೂತ್ರಪಿಂಡ ದಿನ, ಮಾರ್ಚ್‌ನ ಎರಡನೆಯ ಗುರುವಾರ, ಪ್ರತಿ ವರ್ಷ ತಪಸ್ಸು ಕಾಲದಲ್ಲೇ ಬರುತ್ತದೆ. ಪೀಠದಿಂದ ಈ ಮಾತನ್ನು ಹೇಳಲು ಅದಕ್ಕಿಂತ ಒಳ್ಳೆಯ ದಿನ ಯಾವುದು?

ರಂಜಕ ತಡೆಯುವ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ಊಟದ ಜೊತೆಗೇ ನುಂಗಬೇಕು. ಊಟವಾಗಿ ಎರಡು ಗಂಟೆಯ ಮೇಲೆ ತೆಗೆದುಕೊಂಡರೆ ಉಪಯೋಗವಿಲ್ಲ. ಪನೀರಿಗೆ ‘ಲೋ ಸೋಡಿಯಂ’ ಉಪ್ಪು ಉದುರಿಸಬೇಡಿ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರು ಕಾಯಿಸದ ಹಾಲಿನಿಂದ ಮಾಡಿದ ಮೆದು ಚೀಸನ್ನು ಮುಟ್ಟಬಾರದು. ಲಿಸ್ಟೀರಿಯಾ ಎಂಬ ರೋಗಾಣು ಅವರನ್ನು ಸುಲಭವಾಗಿ ಹಿಡಿಯುತ್ತದೆ. ಅಂಗಡಿಯಿಂದ ತಂದ ಬಿಡಿ ಪನೀರನ್ನೂ ಅವರಿಗೆ ಚೆನ್ನಾಗಿ ಬೇಯಿಸಿಯೇ ಬಡಿಸಿ.