ಬಹಿಷ್ಕೃತನ ಹೆಂಡತಿ

ಧರ್ಮಸಭೆ ಗಂಡನನ್ನು ಬಹಿಷ್ಕರಿಸಿದರೆ ಹೆಂಡತಿಯೂ ಅವನನ್ನು ದೂರವಿಡಬೇಕೇ? ಹದಿನಾರನೆಯ ಶತಮಾನದ ಮೆನೊನೈಟ್ ಕ್ರೈಸ್ತರನ್ನು ಇಬ್ಭಾಗ ಮಾಡಿದ ಪ್ರಶ್ನೆಗಳಲ್ಲಿ ಇದೂ ಒಂದು. ಅದು ತೀವ್ರ ರೂಪ ತಾಳಿದ್ದು ಉತ್ತರ ಜರ್ಮನಿಯ ಎಂಡೆನ್ ಎಂಬ ಬಂದರು ಪಟ್ಟಣದಲ್ಲಿ, ಸ್ವಾನ್ ರುಟ್ಗರ್ಸ್ ಎಂಬ ಗೃಹಿಣಿಯ ಹಟದಿಂದ.

ಮೆನೊನೈಟರ ಮೂಲ 1525ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಆರಂಭವಾದ ಒಂದು ಸುಧಾರಣಾ ಚಳವಳಿ. ಏನೂ ಅರಿಯದ ಶಿಶುವಿಗೆ ದೀಕ್ಷಾಸ್ನಾನ ಸಲ್ಲದು, ತಿಳಿವಳಿಕೆ ಬಂದವರು ತಾವಾಗಿಯೇ ಬಯಸಿ ಅದನ್ನು ಪಡೆಯಬೇಕು ಎಂಬುದು ಅವರ ನಿಲುವು. ನೆದರ್‌ಲೆಂಡ್ಸ್ ಮತ್ತು ಉತ್ತರ ಜರ್ಮನಿಯಲ್ಲಿ ಈ ಪಂಥಕ್ಕೆ ನಾಯಕತ್ವ ಕೊಟ್ಟವರು 1536ರಲ್ಲಿ ಕ್ಯಾಥೊಲಿಕ್ ಪಾದ್ರಿಯ ಹುದ್ದೆ ತೊರೆದು ಬಂದ ಮೆನೊ ಸೈಮನ್ಸ್. ಪಂಗಡಕ್ಕೆ ಅವರ ಹೆಸರೇ ಉಳಿಯಿತು. ಮುಂದೆ ಅದು ಭಾರತಕ್ಕೂ ಬಂತು. ಛತ್ತೀಸಗಢದ ಧಮ್ತರಿ, ತೆಲಂಗಾಣದ ಮಹಬೂಬ್‌ನಗರಗಳಲ್ಲಿ ಮೆನೊನೈಟ್ ಸಭೆಗಳಿವೆ.

ರಾಜ್ಯದ ಬೆಂಬಲವಿಲ್ಲದ ಈ ಪಂಗಡದವರು ಖಡ್ಗ ಹಿಡಿಯುತ್ತಿರಲಿಲ್ಲ. ಶಿಸ್ತು ಕಾಯಲು ಅವರ ಕೈಯಲ್ಲಿದ್ದ ಅಸ್ತ್ರ ಬಹಿಷ್ಕಾರ ಒಂದೇ. ತಪ್ಪಿತಸ್ಥನೊಂದಿಗೆ ಉಳಿದವರು ಊಟ, ವ್ಯವಹಾರ, ಒಡನಾಟ ಎಲ್ಲವನ್ನೂ ನಿಲ್ಲಿಸಬೇಕಿತ್ತು. ಕಠಿಣವಾದಿಗಳು ಇದನ್ನು ದಾಂಪತ್ಯಕ್ಕೂ ವಿಸ್ತರಿಸಿದರು. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕೆಂಬುದು ಆ ಕಾಲದ ಎಲ್ಲ ಕ್ರೈಸ್ತರ ನಿರೀಕ್ಷೆ. ಆದರೆ ಸಭೆ ಹೇಳಿದ ದಿನ ಅದೇ ಗಂಡನ ಊಟದ ಮೇಜನ್ನೂ ಹಾಸಿಗೆಯನ್ನೂ ಆಕೆ ಬಿಡಬೇಕು! ಎರಡು ಆಜ್ಞೆಗಳಲ್ಲೂ ಆಕೆಯ ಇಷ್ಟವೇನೆಂದು ಕೇಳಿದವರಿಲ್ಲ.

ಸ್ವಾನ್ ರುಟ್ಗರ್ಸ್ ಗಂಡ ಬಹಿಷ್ಕೃತನಾದಾಗ ಆಕೆ ಅವನನ್ನು ಬಿಡಲೊಪ್ಪಲಿಲ್ಲ. ಸಭಾ ಹಿರಿಯರಾದ ಲೀನಾರ್ಟ್ ಬೌವೆನ್ಸ್ ಆಕೆಯನ್ನೂ ಬಹಿಷ್ಕರಿಸಲು ಮುಂದಾದರು. ಸುದ್ದಿ ತಿಳಿದ ಮೆನೊ 1556ರ ನವೆಂಬರ್‌ನಲ್ಲಿ ಎಂಡೆನ್ ಸಭೆಗೆ ಪತ್ರ ಬರೆದು, ಇಂಥ ಬಲವಂತವನ್ನು ತಾವು ಒಪ್ಪುವುದಿಲ್ಲವೆಂದು ತಿಳಿಸಿದರು. ಆದರೆ ಆ ನಿಲುವು ಬಹುಕಾಲ ಉಳಿಯಲಿಲ್ಲ. ಕಠಿಣವಾದಿಗಳ ಒತ್ತಡಕ್ಕೆ ಮಣಿದ ಅವರು ಮರುವರ್ಷವೇ ಅವರ ಪಕ್ಷಕ್ಕೆ ವಾಲಿದರು.

ಎಲ್ಲರೂ ಹಾಗೆ ಮಣಿಯಲಿಲ್ಲ. 1557ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಸೇರಿದ ದಕ್ಷಿಣದ ಸಭೆಗಳವರು ಬಹಿಷ್ಕಾರಕ್ಕಿಂತ ವಿವಾಹಬಂಧನವೇ ಹೆಚ್ಚಿನದೆಂದು ವಾದಿಸಿದರು. ಅದೇ ಸುಮಾರಿಗೆ ನೆದರ್‌ಲೆಂಡ್ಸಿನಲ್ಲಿ ‘ವಾಟರ್‌ಲ್ಯಾಂಡರ್’ ಎಂಬ ಸೌಮ್ಯವಾದಿ ಗುಂಪು ಬೇರೆಯಾಯಿತು. ವಿವಾದ ಅಲ್ಲಿಗೂ ಮುಗಿಯಲಿಲ್ಲ. 1693ರಲ್ಲಿ ಯಾಕೊಬ್ ಅಮ್ಮಾನ್ ಸ್ವಿಸ್ ಮೆನೊನೈಟರಿಂದ ಸಿಡಿದುಹೋಗಲು ಬಹಿಷ್ಕಾರದ ಪ್ರಶ್ನೆಯೇ ಮುಖ್ಯ ಕಾರಣವಾಯಿತು. ಅವರ ಅನುಯಾಯಿಗಳೇ ಆಮಿಶರು. ಅಮೆರಿಕದ ಕಟ್ಟುನಿಟ್ಟಿನ ಆಮಿಶ್ ಮನೆಗಳಲ್ಲಿ ಬಹಿಷ್ಕೃತನಾದವನಿಗೆ ಇಂದಿಗೂ ಊಟಕ್ಕೆ ಬೇರೆ ಮೇಜು.

ಸ್ವಾನ್ ಗಂಡನ ಪರ ನಿಂತದ್ದನ್ನು ಪತಿಭಕ್ತಿಯೆಂದು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಸಭೆಯಿಂದ ಹೊರಬಿದ್ದರೆ ನೆಂಟರಿಷ್ಟರ ನಂಟು ತಪ್ಪುತ್ತಿತ್ತು. ಮೆನೊನೈಟರನ್ನು ಬೇಟೆಯಾಡುತ್ತಿದ್ದ ಆ ಕಾಲದಲ್ಲಿ ಇದ್ದೊಂದು ಆಸರೆಯೂ ಕಳಚುತ್ತಿತ್ತು. ಆ ಬೆಲೆ ತೆರುವ ಸಂದರ್ಭ ಎದುರಾದಾಗಲೂ ಆಕೆ ತನ್ನ ದಾಂಪತ್ಯದ ವಿಷಯದಲ್ಲಿ ತೀರ್ಪು ತನ್ನದೇ ಎಂದಳು. ನಂಬಿಕೆಯನ್ನು ಪ್ರತಿಯೊಬ್ಬರೂ ಸ್ವತಃ ಆರಿಸಿಕೊಳ್ಳಬೇಕೆಂದು ಬೋಧಿಸಿದ್ದ ಹಿರಿಯರಿಗೆ, ಹಾಗೆ ಆರಿಸಿಕೊಂಡ ಹೆಂಗಸೊಬ್ಬಳಿಗೆ ಉತ್ತರ ಹೇಳುವುದು ಕಷ್ಟವಾಯಿತು.