ಉಪಾಧ್ಯೆ: ಮನೆತನದ ಹೆಸರಿನ ಹಿಂದೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ ಭಾಗದಲ್ಲಿ ಹಾಗೂ ಗಡಿಯಾಚೆಯ ಕೊಲ್ಹಾಪುರ, ಸಾಂಗ್ಲಿ ಜಿಲ್ಲೆಗಳಲ್ಲಿ ದಿಗಂಬರ ಜೈನರ ನಡುವೆ ಬಹು ಪರಿಚಿತವಾದ ಅಡ್ಡಹೆಸರು ಉಪಾಧ್ಯೆ. ಬಸ್ತಿಯಲ್ಲಿ ನಿತ್ಯದ ಅಭಿಷೇಕ, ಪೂಜೆ ನಡೆಸುತ್ತ, ಶ್ರಾವಕರ ಮನೆಗಳಲ್ಲಿ ನಾಮಕರಣ, ಮದುವೆಗಳನ್ನು ಮಾಡಿಸುತ್ತ ಬಂದ ಪುರೋಹಿತ ಮನೆತನಗಳು ಇವು. ವೃತ್ತಿಯ ಹೆಸರೇ ಮುಂದೆ ಮನೆತನದ ಹೆಸರಾಯಿತು.

ಮೂಲ ಶಬ್ದ ಸಂಸ್ಕೃತದ ‘ಉಪಾಧ್ಯಾಯ’. ಬಳಿಯಲ್ಲಿ ಕೂರಿಸಿಕೊಂಡು ಕಲಿಸುವವನು ಎಂಬ ಭಾವ ಅದರಲ್ಲಿದೆ. ಮರಾಠಿಯಲ್ಲಿ ಪುರೋಹಿತನಿಗೆ ‘ಉಪಾಧ್ಯಾ’ ಎನ್ನುತ್ತಾರೆ. ಗೌರವದಿಂದ ಬಹುವಚನದಲ್ಲಿ ಹೇಳಿದಾಗ ಅದು ‘ಉಪಾಧ್ಯೆ’. ಎರಡೂ ಭಾಷೆ ಬೆರೆತ ಗಡಿನಾಡಿನಲ್ಲಿ ಈ ರೂಪವೇ ನಿಂತಿತು.

ಪ್ರಾಕೃತದಲ್ಲಿ ಇದೇ ಶಬ್ದ ‘ಉವಜ್ಝಾಯ’. ಅಂದರೆ ಪ್ರತಿದಿನ ಣಮೋಕಾರ ಮಂತ್ರದ ನಾಲ್ಕನೆಯ ಪದದಲ್ಲಿ ಪ್ರತಿ ಜೈನನೂ ಉಚ್ಚರಿಸುವ ಶಬ್ದವಿದು. ಆದರೆ ಎರಡನ್ನೂ ಒಂದೆಂದು ತಿಳಿಯಬಾರದು. ಪಂಚಪರಮೇಷ್ಠಿಗಳಲ್ಲಿ ಬರುವ ಉಪಾಧ್ಯಾಯರು 11 ಅಂಗ, 14 ಪೂರ್ವಗಳ ಜ್ಞಾನವೆಂಬ 25 ಮೂಲಗುಣಗಳುಳ್ಳ, ಸಂಘದ ಮುನಿಗಳಿಗೆ ಪಾಠ ಹೇಳುವ ಮುನಿಗಳು. ಬಸ್ತಿಯ ಉಪಾಧ್ಯೆ ಗೃಹಸ್ಥರು.

ಉತ್ತರ ಭಾರತದ ಓಝಾ, ಝಾ ಎಂಬ ಅಡ್ಡಹೆಸರುಗಳೂ ಈ ‘ಉವಜ್ಝಾಯ’ದಿಂದಲೇ ಬಂದವು. ಹಳಗನ್ನಡದ ‘ಓಜ’ ಸಹ ಇದರ ತದ್ಭವ. ಬೇಲೂರಿನಲ್ಲಿ ದುಡಿದ ಬಳ್ಳಿಗಾವೆಯ ಶಿಲ್ಪಿ ದಾಸೋಜನ ಹೆಸರಿನ ಕೊನೆಯಲ್ಲಿರುವುದು ಅದೇ. ಪಾಠ ಹೇಳುವವನಿಗೂ ಕಲ್ಲು ಕೆತ್ತನೆ ಕಲಿಸುವವನಿಗೂ ನಮ್ಮ ನಾಡು ಒಂದೇ ಗೌರವದ ಹೆಸರು ಕೊಟ್ಟಿತ್ತು!

ಈ ಹೆಸರನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿದವರು ಡಾ. ಆದಿನಾಥ ನೇಮಿನಾಥ ಉಪಾಧ್ಯೆ. 1906ರಲ್ಲಿ ಸದಲಗಾದಲ್ಲಿ ಹುಟ್ಟಿದ ಅವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದರು. ಕುಂದಕುಂದಾಚಾರ್ಯರ ಪ್ರವಚನಸಾರವನ್ನು, ಜೋಇಂದುವಿನ ಪರಮಾತ್ಮಪ್ರಕಾಶವನ್ನು ಸಂಪಾದಿಸಿದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಬದುಕಿನುದ್ದಕ್ಕೂ ಕಲಿಸುವುದನ್ನೇ ಮಾಡಿದ ಅವರಿಗೆ ಹೆಸರು ಅನ್ವರ್ಥವಾಗಿತ್ತು.

ಉಪಾಧ್ಯೆ ಎಂದ ಮಾತ್ರಕ್ಕೆ ಜೈನರೇ ಎನ್ನುವಂತಿಲ್ಲ. ಮಹಾರಾಷ್ಟ್ರದ ಬ್ರಾಹ್ಮಣರಲ್ಲೂ ಈ ಹೆಸರಿದೆ. ಉಡುಪಿ ಕಡೆಯ ಉಪಾಧ್ಯಾಯರು ಶಿವಳ್ಳಿ ಬ್ರಾಹ್ಮಣರು. ಇತ್ತ ತುಳುನಾಡಿನ ಜೈನ ಪುರೋಹಿತರು ಇಂದ್ರ ಎಂದು ಬರೆದುಕೊಳ್ಳುತ್ತಾರೆ. ಸಂಬಂಧ ನೋಡುವಾಗ ಊರು, ಬಸ್ತಿ ವಿಚಾರಿಸದೆ ಬರೀ ಅಡ್ಡಹೆಸರಿನಿಂದ ನಿರ್ಣಯಕ್ಕೆ ಬಂದರೆ ಎಡವಟ್ಟಾಗುತ್ತದೆ.

ಜನಗಣತಿಯಲ್ಲೂ ಇದೇ ಮಾತು. 2011ರ ಗಣತಿಯಂತೆ ರಾಜ್ಯದಲ್ಲಿ ಜೈನರು 4,40,280. ಜಿಲ್ಲೆಗಳಲ್ಲಿ ಬೆಳಗಾವಿಯದೇ ದೊಡ್ಡ ಪಾಲು. ಗಣತಿ ಧರ್ಮವನ್ನು ಎಣಿಸುತ್ತದೆ, ಅಡ್ಡಹೆಸರನ್ನಲ್ಲ. ಉಪಾಧ್ಯೆ, ಪಾಟೀಲ, ಚೌಗುಲೆ, ಶೆಟ್ಟಿ, ಹೆಗ್ಡೆ ಮುಂತಾದ ಹೆಸರುಗಳು ಬೇರೆ ಸಮುದಾಯಗಳಲ್ಲೂ ಇರುವುದರಿಂದ, ಮನೆಗೆ ಬಂದ ಗಣತಿದಾರರಿಗೆ ಹೆಸರೊಂದರಿಂದಲೇ ಧರ್ಮ ತಿಳಿಯುವುದಿಲ್ಲ. ಅವರು ಊಹಿಸಿ ಬರೆಯುವಂತೆಯೂ ಇಲ್ಲ. ಮನೆಯವರು ಹೇಳಿದ್ದನ್ನೇ ದಾಖಲಿಸಬೇಕು. ಧರ್ಮದ ಕಾಲಂನಲ್ಲಿ ‘ಜೈನ’ ಎಂದು ಬಾಯಿಬಿಟ್ಟು ಹೇಳಿ ಬರೆಸಿದ ಮನೆ ಮಾತ್ರ ಆ ಲೆಕ್ಕದೊಳಗೆ ಬರುತ್ತದೆ.